ಅತ್ತೆಯ ಮೊಣಕೈ ಅಳತೆ

ಮಾವನ ಅಂಗಿಯ ಎಡಭಾಗ ಸದಾ ಜೋತುಬಿದ್ದಿರುತ್ತಿತ್ತು. ಜೇಬಿನಲ್ಲಿ ಉಕ್ಕಿನ ಟೇಪು. ಮದುವೆ ಊಟಕ್ಕೆ ಹೊರಟರೂ ಅದು ಜೊತೆಗೆ ಬರಲೇಬೇಕು. ನನ್ನಮ್ಮನ ತಮ್ಮ, ಮೈಸೂರು ಬಿಟ್ಟು ಕೊಚ್ಚಿಯಲ್ಲಿ ನೆಲೆಸಿದ ಆರ್ಕಿಟೆಕ್ಟ್. ನಾನು ಕೆಲಸ ಸಿಕ್ಕಿ ಅಲ್ಲಿಗೆ ಹೋದಾಗ ಕಲೂರಿನ ಅವರ ಬಾಡಿಗೆ ಮನೆಯಲ್ಲೇ ಉಳಿದುಕೊಂಡೆ.

ಯಾರ ಮನೆಯ ನಕ್ಷೆಯೇ ಇರಲಿ, ಮಾವ ಮೊದಲು ಕರೆಯುತ್ತಿದ್ದದ್ದು ಅಡುಗೆ ಮಾಡುವವರನ್ನು. ಚಪಾತಿ ಲಟ್ಟಿಸುವ ಹಾಗೆ ನಿಲ್ಲಿಸಿ, ನೆಲದಿಂದ ಮೊಣಕೈವರೆಗೆ ಅಳೆದು, ಅದಕ್ಕೆ ತಕ್ಕಂತೆ ಒಲೆಕಟ್ಟೆ ಕಟ್ಟಿಸುತ್ತಿದ್ದರು. “ಬೆನ್ನು ನೋಯಿಸೋ ಮನೆ ಮನೆಯೇ ಅಲ್ಲ ಕಣೋ” ಎನ್ನುತ್ತಿದ್ದರು.

ಇತ್ತ ಅವರ ಮನೆಯಲ್ಲೇ ಕಟ್ಟೆ ಎತ್ತರ, ಅತ್ತೆ ಕುಳ್ಳಗೆ. ಊಟದ ಮಣೆ ಹತ್ತಿ ನಿಂತೇ ಅಡುಗೆ. “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ಅತ್ತೆ ಚುಚ್ಚಿದರೆ, “ನಿನ್ನನ್ನ ಆ ಮಣೆಯಿಂದ ಇಳಿಸೋದೇ ನನ್ನ ಜನ್ಮದ ಕೆಲಸ, ಸ್ವಲ್ಪ ತಾಳೇ” ಎಂದು ನಗುತ್ತಿದ್ದರು.

ಮಾರಿ ಎಲ್ಲಿಂದ ಬಂತು! ವಾರವೆಲ್ಲ ತಿರುವನಂತಪುರದ ಸೈಟಿನಲ್ಲಿ ದುಡಿದು ಶನಿವಾರ ರೈಲಿನಲ್ಲಿ ಬರುವರು. ಭಾನುವಾರ ಮಗನ ಯೂನಿಫಾರಂಗೆ ಇಸ್ತ್ರಿ, ಮಗಳಿಗೆ ಜಡೆ. ಉಳಿದ ಹೊತ್ತು ಎಡಪ್ಪಳ್ಳಿಯ ಹತ್ತಿರ ಕೊಂಡ ಜಾಗದಲ್ಲಿ ಕಟ್ಟಬೇಕಾದ ಸ್ವಂತ ಮನೆಯ ನಕ್ಷೆ. ಮಕ್ಕಳು ಬೆಳೆದಂತೆಲ್ಲ ಅದೂ ಬದಲಾಗುತ್ತಿತ್ತು. ಕೊನೆಗೆ ಮಗಳೇ, “ಅಚ್ಛಾ, ವರಚ್ಚದು ಮದಿ!” ಎಂದು ಮಲಯಾಳದಲ್ಲಿ ರೇಗಿದಳು. ಅಪ್ಪಾ, ಗೀಚಿದ್ದು ಸಾಕು ಅಂತ. ಆಮೇಲೆಯೇ ಪಾಯ ತೆಗೆಸಿದ್ದು.

ಗೋಡೆಗಳು ಎದ್ದವು. ಒಂದು ಸೋಮವಾರ ಬೆಳಿಗ್ಗೆ, ರೈಲಿಗೆ ಹೊತ್ತಾಗಿದ್ದರೂ ಮಾವ ಅಡುಗೆಮನೆಗೆ ನುಗ್ಗಿ, ಚಪಾತಿ ಲಟ್ಟಿಸುತ್ತಿದ್ದ ಅತ್ತೆಯ ಮೊಣಕೈ ಅಳೆದರು. ಮೇಸ್ತ್ರಿಗೆ ಫೋನಿನಲ್ಲಿ ಅಳತೆ ಹೇಳುತ್ತಲೇ ಓಡಿದರು. ಆ ವಾರವೇ ತಿರುವನಂತಪುರದಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಅಯ್ಯೋ, ಹೋಗುವ ವಯಸ್ಸೇ ಅದು!

ಮನೆ ಮುಗಿದು, ಸಾಮಾನೆಲ್ಲ ಲಾರಿಗೆ ಹೇರಿಕೊಂಡು ಅಲ್ಲಿಗೆ ಹೋದ ದಿನ ಅತ್ತೆ ಹೊಸ ಕಟ್ಟೆಯ ಮುಂದೆ ನಿಂತರು. ಅದೂ ಎತ್ತರವೇ. ನನಗೆ ಎಲ್ಲಿಲ್ಲದ ಸಿಟ್ಟು ಬಂದು ಮೇಸ್ತ್ರಿಯ ಮೇಲೆ ಹಾರಾಡಿದೆ. ಸಾರ್ ಹೇಳಿದ ಅಳತೆಯೇ ಎಂದು ಅವನು ಆಣೆ ಇಟ್ಟ.

“ಅವನನ್ನ ಬೈಬೇಡ ಕಣೋ” ಎಂದರು ಅತ್ತೆ. “ಅವರು ಅಳೆದಾಗ ನಾನು ಮಣೆ ಮೇಲೇ ನಿಂತಿದ್ದೆ.”

ಅಷ್ಟು ವರ್ಷ ನೋಡಿ ನೋಡಿ ಮಾವನಿಗೆ ಅದೇ ಅತ್ತೆಯ ಎತ್ತರವಾಗಿಬಿಟ್ಟಿತ್ತು. ಊರಿನ ಹೆಂಗಸರಿಗೆಲ್ಲ ತಪ್ಪದ ಟೇಪು ಇವರೊಬ್ಬರಿಗೆ ತಪ್ಪಿತ್ತು.

“ಒಡೆಸಿ ತಗ್ಗಿಸೋಣ ಅತ್ತೆ” ಎಂದೆ.

“ಬೇಡ. ಅವರು ನನಗೇ ಅಂತ ತೆಗೆದ ಅಳತೆ ಅದು. ಲಾರೀಲಿ ಮಣೆ ಇದೆ, ತಗೊಂಡ್ ಬಾ.”

ತಂದುಕೊಟ್ಟೆ. ಅತ್ತೆ ಅದರ ಮೇಲೆ ಹತ್ತಿ ನಿಂತು ಒಲೆ ಹಚ್ಚಿದರು.