ಸಿರುಗುಪ್ಪದಲ್ಲಿ ನಾನು ಕೊಟ್ಟ ಸ್ವರ

ನನ್ನ ಬೇಸ್ ಗಿಟಾರ್ ನೋಡಿದವರೆಲ್ಲ ಮೊದಲು ಮಾಡುವ ಕೆಲಸ ಒಂದೇ, ಅದರ ಮೈ ಸವರುವುದು. ಬೀಟೆ ಮರದ ಮುಖ, ತೆಳ್ಳನೆಯ ಕೊರಳು, ಆ ಕೊರಳಿನ ಮೇಲೆ ವೀಣೆಯ ಮೆಟ್ಟುಗಳಂತೆ, ಆದರೆ ಓರೆಯಾಗಿ ಕೂರಿಸಿದ ಲೋಹದ ಫ್ರೆಟ್ಟುಗಳು. ‘ಯಾವ ಅಂಗಡ್ಯಾಗ ಸಿಕ್ತು?’ ಎಂದು ಕೇಳುತ್ತಾರೆ. ಅಂಗಡಿಯದಲ್ಲ, ನನ್ನ ಕೈಯ ಅಳತೆ ಕೊಟ್ಟು ಮಾಡಿಸಿದ್ದು ಎನ್ನುತ್ತೇನೆ. ಹಾಗೆ ಹೇಳುವಾಗ ಒಂದು ಕಾಲಕ್ಕೆ ಎದೆ ಉಬ್ಬುತ್ತಿತ್ತು. ಈಗ ಬೇಗ ಬೇರೆ ಮಾತು ತೆಗೆಯುತ್ತೇನೆ.

ಬೇಸ್ ಎಂದರೆ ನಾಲ್ಕು ದಪ್ಪ ತಂತಿಗಳ ಎಲೆಕ್ಟ್ರಿಕ್ ಗಿಟಾರ್. ಹಾಡಿನಲ್ಲಿ ಅದು ಇರುವಷ್ಟು ಹೊತ್ತು ಯಾರೂ ಅದರ ಕಡೆ ಲಕ್ಷ್ಯ ಕೊಡುವುದಿಲ್ಲ, ನಿಂತಾಗ ಮಾತ್ರ ಏನೋ ಬರಿದಾಯಿತಲ್ಲ ಎಂದುಕೊಳ್ಳುತ್ತಾರೆ. ಬಳ್ಳಾರಿಯ ನಮ್ಮ ಮದುವೆ ಆರ್ಕೆಸ್ಟ್ರಾದಲ್ಲಿ ನನ್ನ ಜಾಗವೂ ಅಂಥದ್ದೇ, ಹಿಂದಿನ ಸಾಲಿನ ಎಡತುದಿ. ಅದು ನನಗೆ ಹೇಳಿ ಮಾಡಿಸಿದ ಜಾಗವಾಗಿತ್ತು. ಏಕೆಂದರೆ ನಾನು ಹುಟ್ಟಾ ಎಡಚ, ಮತ್ತು ಅದನ್ನು ಜನ ನೋಡುವುದು ನನಗೆ ಬೇಕಿರಲಿಲ್ಲ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಸ್ನಾನ ಮಾಡಿ, ಎಡ ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡಿದ ಮೇಲೆಯೇ ತಟ್ಟೆಯ ಮುಂದೆ ಕೂರಬೇಕು. ನಾನು ಅದೇ ಕೈಯಲ್ಲಿ ರೊಟ್ಟಿ ಮುರಿಯಲು ಹೋದರೆ ಅಜ್ಜಿ ಮಣಿಕಟ್ಟಿನ ಮೇಲೆ ಚಟ್ಟನೆ ಏಟು ಕೊಡುತ್ತಿದ್ದಳು. ‘ಲಿಂಗ ಹಿಡಿಯೋ ಕೈ ಅದು, ಎಂಜಲು ಮಾಡ್ತೀಯೇನಲೇ?’ ಎನ್ನುತ್ತಿದ್ದಳು. ಪೆಟ್ಟು ತಿಂದು ತಿಂದು ಬಲಗೈಯಲ್ಲಿ ಉಣ್ಣಲು ಕಲಿತೆ, ಬಲಗೈಯಲ್ಲಿ ಬರೆದೆ. ಮುಂದೆ ದರ್ಜಿ ಅಂಗಡಿ ಸೇರಿ, ಅಲ್ಲಿಂದ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್ ಆದಾಗಲೂ ಬಲಗೈ ಕತ್ತರಿಯನ್ನೇ ಒಗ್ಗಿಸಿಕೊಂಡೆ. ಅಜ್ಜಿ ಹೋಗಿ ಎಷ್ಟೋ ವರ್ಷಗಳಾದರೂ ಮಣಿಕಟ್ಟಿನ ಅಳುಕು ಮಾತ್ರ ಹೋಗಲಿಲ್ಲ.

ಆ ಅಳುಕಿಗೆ ಸೊಪ್ಪು ಹಾಕದವರು ಒಬ್ಬರೇ, ನಮ್ಮ ಆರ್ಕೆಸ್ಟ್ರಾದ ಹಿರಿಯ ಗಾಯಕರು. ಕುರುಗೋಡಿನವರು. ತೆಕ್ಕಲಕೋಟೆಯ ಹಳೆಯ ಅಕ್ಕಿ ಗಿರಣಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದವರು, ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೂ ಎಲ್ಲರ ಬಾಯಲ್ಲಿ ಮಾಸ್ತರು. ಭಾನುವಾರಗಳಂದು ಅವರ ಮನೆಯ ಪಡಸಾಲೆಯಲ್ಲಿ ತಾಲೀಮು ನಡೆಯುತ್ತಿತ್ತು. ಹಾಡು ಕೇಳಲು ನಾನೂ ಹೋಗಿ ಕೂರುತ್ತಿದ್ದೆ, ಅಜ್ಜಿಯ ಪೆಟ್ಟಿನ ಕಥೆಯನ್ನೂ ಅವರಿಗೆ ಹೇಳಿದ್ದೆ. ಬೇಸ್ ಬಾರಿಸುವವನೊಬ್ಬ ಬಿಟ್ಟುಹೋಗಿದ್ದ ದಿನಗಳಲ್ಲಿ ಅವರು ತಮ್ಮ ಹಳೆಯ ಬೇಸನ್ನು ನನ್ನ ಕೈಗೆ ಕೊಟ್ಟು ಹಿಡಿದು ನೋಡು ಎಂದರು. ಗೊತ್ತಿಲ್ಲದೆ ಅದರ ಕೊರಳನ್ನು ಬಲಗೈಯಲ್ಲಿ ಹಿಡಿದೆ, ತಂತಿ ಮೀಟಲು ಎಡಗೈ ಹೋಯಿತು. ತಪ್ಪು ಹೊಳೆದು ಗಡಿಬಿಡಿಯಲ್ಲಿ ತಿರುಗಿಸಿಕೊಳ್ಳುವಷ್ಟರಲ್ಲಿ ಅವರು ತಡೆದರು.

‘ಯಾಕ ತಿರುವ್ತಿ? ಹೆಂಗ ಕೈಗೆ ಬರ್ತೈತಿ ಹಂಗ ಹಿಡಿ. ನಿಮ್ಮಜ್ಜಿ ಇಲ್ಲಿ ಇಲ್ಲ’ ಎಂದರು.

ಬಲಗೈಯವರಿಗೆಂದು ಮಾಡಿದ ಬೇಸನ್ನು ಹಾಗೆ ತಿರುಗಿಸಿ ಹಿಡಿದರೆ ತಂತಿಗಳು ತಲೆಕೆಳಗಾಗುತ್ತವೆ. ಎಲ್ಲರಿಗೂ ಮೇಲಿರುವ ದಪ್ಪ ತಂತಿ ನನಗೆ ಕೆಳಗೆ, ಕೆಳಗಿನ ಸಣ್ಣದು ಮೇಲೆ. ಪುಸ್ತಕದ ಪ್ರಕಾರ ಅದು ತಪ್ಪು. ಹಾಗೆಯೇ ಕಲಿತೆ, ಹಾಗೆಯೇ ಹನ್ನೆರಡು ವರ್ಷ ಬಾರಿಸಿದೆ. ದಿನವಿಡೀ ಪರಕೀಯವಾಗಿರುತ್ತಿದ್ದ ನನ್ನ ಕೈಗಳು ಆ ಒಂದೆರಡು ತಾಸು ಮಾತ್ರ ನನ್ನವಾಗಿರುತ್ತಿದ್ದವು.

ಒಮ್ಮೆ ಹಲಕುಂದಿಯಲ್ಲಿ ಕಾರ್ಯಕ್ರಮ ಮುಗಿಸಿ ವ್ಯಾನಿನ ಪಕ್ಕ ನಿಂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದಾಗ ಮಾಸ್ತರು ನನ್ನನ್ನು ಬದಿಗೆ ಕರೆದರು. ‘ಗಿರಣಿ ಸಪ್ಪಳದಾಗ ಕಿವಿ ಹೋಗ್ಯಾವು. ಸಣ್ಣ ಸ್ವರ ಯಾವೂ ಕೇಳವಲ್ಲವು, ಕೀಬೋರ್ಡು ಬಾರಿಸ್ಯಾನೋ ಬಿಟ್ಟಾನೋ ತಿಳಿಯಂಗಿಲ್ಲ. ನಿನ್ನ ದಪ್ಪ ತಂತಿ ಒಂದು ಕೇಳ್ತೈತಿ. ಅದರ ಮ್ಯಾಲೇ ನಾ ಹಾಡಾಕತ್ತೀನಿ. ಯಾರಿಗೂ ಹೇಳಬ್ಯಾಡ’ ಎಂದರು.

ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಕಟ್ಟಳೆ ಬೆಳೆಯಿತು. ಅವರು ವೇದಿಕೆಯ ನಡುವೆ ನಿಲ್ಲುವುದನ್ನು ಬಿಟ್ಟು ನನ್ನ ಸ್ಪೀಕರಿನ ಪಕ್ಕ ನಿಲ್ಲತೊಡಗಿದರು. ಪ್ರತಿ ಹಾಡಿನ ಮುಂಚೆ ನಾನು ಷಡ್ಜವನ್ನು ಒಂದೇ ಮೀಟಿನಲ್ಲಿ ಉದ್ದಕ್ಕೆ ಕೊಡಬೇಕು, ಅವರು ಅದನ್ನು ಹಿಡಿದು ಏಳಬೇಕು. ನೋಡಿದವರು ಇದು ಈ ತಂಡದ ಶೈಲಿ ಎಂದುಕೊಂಡರು. ತೆಲುಗು ಹಾಡಿರಲಿ, ಕನ್ನಡದ ಹಾಡಿರಲಿ, ಆ ಒಂದು ಸ್ವರ ಕೊಟ್ಟರೆ ಸಾಕು, ಕೂದಲೆಳೆಯಷ್ಟೂ ಆಚೀಚೆ ಆಗದೆ ಹಾಡುತ್ತಿದ್ದರು. ಒಬ್ಬ ಮನುಷ್ಯನ ಕಿವಿ ನನ್ನ ಕೈಯಲ್ಲಿದೆ ಎಂಬ ಹೆಮ್ಮೆ ನನಗಿತ್ತು. ಅದರ ಭಾರ ಎಷ್ಟೆಂದು ತಿಳಿದಿರಲಿಲ್ಲ.

ಹೊಸ ಬೇಸಿನ ಹುಚ್ಚು ಹತ್ತಿದ್ದು ಮೊಬೈಲಿನಿಂದ. ಬೆಂಗಳೂರಿನಲ್ಲಿ ಒಬ್ಬರು ಒಂದೊಂದೇ ಗಿಟಾರನ್ನು ಕೈಯಿಂದ ಮಾಡಿಕೊಡುತ್ತಾರೆಂದು ತಿಳಿದು ಅವರ ವಿಡಿಯೊಗಳನ್ನು ಊಟದ ಬಿಡುವಿನಲ್ಲಿ ನೋಡಿದ್ದೇ ನೋಡಿದ್ದು. ಹುಟ್ಟಿದಂದಿನಿಂದ ಬೇರೆಯವರ ಕೈಗೆ ಮಾಡಿದ ವಸ್ತುಗಳನ್ನೇ ಬಳಸಿದವನು ನಾನು. ನನ್ನ ಕೈಗೆಂದೇ ಒಂದು ವಸ್ತು ಹುಟ್ಟಲಿ ಅನ್ನಿಸಿತು. ಆ ಆಸೆ ತಪ್ಪೆಂದು ಈಗಲೂ ನನಗನ್ನಿಸುವುದಿಲ್ಲ. ಮಾಸ್ತರಿಗೂ ಖುಷಿಯಾಯಿತು. ಒಂದೇ ಮಾತು ಹೇಳಿದರು: ‘ತಂತಿ ಮಾತ್ರ ನೀ ಬಾರಿಸೋ ಹಂಗ ಕಟ್ಟಾಕ ಹೇಳು, ಮರಿಬ್ಯಾಡ.’

ಮಾಡುವವರು ಫೋನಿನಲ್ಲಿ ಬಲು ತಾಳ್ಮೆಯಿಂದ ಮಾತಾಡಿದರು. ಎರಡೂ ಕೈಗಳ ಅಚ್ಚು ಬೇಕೆಂದರು. ಕಾರ್ಖಾನೆಯ ಪ್ಯಾಟರ್ನ್ ಕಾಗದದ ಮೇಲೆ ಕೈಯಿಟ್ಟು ಸುತ್ತ ಗೆರೆ ಎಳೆದು ಕಳಿಸಿದೆ. ಬಾರಿಸುವ ವಿಡಿಯೊ ಒಂದನ್ನೂ ಕೇಳಿದರು. ಮಾಡಿಕೊಂಡೆ. ಆದರೆ ಮೊಬೈಲಿನಲ್ಲಿ ನನ್ನನ್ನು ನಾನೇ ನೋಡಿದಾಗ ಮುಖ ಬಿಸಿಯಾಯಿತು. ತಲೆಕೆಳಗಾದ ತಂತಿಗಳ ಮೇಲೆ ಏಡಿಯಂತೆ ಅಡ್ಡಾಡುವ ಬೆರಳುಗಳು. ಎಷ್ಟೆಷ್ಟು ದೊಡ್ಡ ವಾದಕರಿಗೆ ಮಾಡಿಕೊಟ್ಟಿರುವ ಮನುಷ್ಯ ಇದನ್ನು ನೋಡಿ ಏನೆಂದುಕೊಂಡಾರು ಎನ್ನಿಸಿ ಅಳಿಸಿಬಿಟ್ಟೆ. ವಿಡಿಯೊ ಬರಲಿಲ್ಲವೆಂದು ಅವರು ಮತ್ತೆ ಫೋನ್ ಮಾಡಿದರು.

‘ಎಡಗೈಯವರಲ್ಲಿ ಎರಡು ಥರ ಇದ್ದಾರೆ. ತಂತಿ ಬದಲಿಸಿ ದಪ್ಪದ್ದು ಮೇಲೆ ಬರೋ ಹಾಗೆ ಕಟ್ಟಿಕೊಳ್ಳೋರು, ತಿರುಗಿಸಿ ಹಾಗೇ ಬಾರಿಸೋರು. ನೀವು ಯಾವುದು? ಫ್ರೆಟ್ ಓರೆಯಾಗಿ ಕೂರಿಸ್ತೀನಲ್ಲ, ಒಮ್ಮೆ ಮಾಡಿದ ಮೇಲೆ ತಂತಿ ಅದಲುಬದಲು ಮಾಡೋಕಾಗಲ್ಲ.’

ಇಷ್ಟು ಬಿಡಿಸಿ ಕೇಳಿದರು. ‘ಸರಿಯಾಗಿ ಹೆಂಗಿರಬೇಕೋ ಹಂಗ ಮಾಡ್ರಿ’ ಎಂದೆ. ದರ್ಜಿ ಅಂಗಡಿಯಲ್ಲಿದ್ದಾಗ ಅಳತೆ ಕೊಡುವ ಹೊತ್ತಿಗೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಗಿರಾಕಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ದಿನ ಫೋನಿನಲ್ಲಿ ನಾನು ಮಾಡಿದ್ದೂ ಅದೇ. ತಂತಿಯ ವಿಷಯ ಹೇಳಿದೆಯಾ ಎಂದು ಮಾಸ್ತರು ಕೇಳಿದಾಗ ‘ಹೇಳೀನ್ರಿ’ ಎಂದೆ.

ಎಂಟು ತಿಂಗಳಾದ ಮೇಲೆ ಬೇಸ್ ಬಂತು. ಪೆಟ್ಟಿಗೆ ತೆಗೆದಾಗ ಮನೆಯಲ್ಲಿ ಹೆಂಡತಿ, ಮಕ್ಕಳು, ಪಕ್ಕದ ಮನೆಯವರು ಎಲ್ಲ ಸುತ್ತ ನಿಂತಿದ್ದರು. ಕೊರಳು ನನ್ನ ಬಲ ಅಂಗೈಯಲ್ಲಿ ಕೂತ ರೀತಿಗೆ ಕಣ್ಣು ತುಂಬಿತು, ಸುಳ್ಳಲ್ಲ. ಆದರೆ ಇದರಲ್ಲಿ ದಪ್ಪ ತಂತಿ ಮೇಲಿತ್ತು, ಸಣ್ಣದು ಕೆಳಗೆ; ಬಾರಿಸಲು ಹೋದರೆ ಬೆರಳು ಎಲ್ಲಿಗೆ ಹೋದರೂ ಅಲ್ಲಿ ಬೇರೆ ಸ್ವರ. ನನ್ನ ಕೈಯ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಮಾಡಿದ ಆ ವಾದ್ಯದ ಮೇಲೆ ನನ್ನ ಕೈಗೆ ಏನೂ ಬರುತ್ತಿರಲಿಲ್ಲ.

ಕಾರ್ಖಾನೆಗೆ ಹೋಗುವ ಮುಂಚೆ ದಿನಾ ಕುಳಿತು ತಿದ್ದಿಕೊಂಡೆ. ಮೂರು ವಾರಕ್ಕೆ ಸುಲಭದ ಹಾಡುಗಳು ಕೈಗೆ ಹತ್ತಿದವು. ಅಷ್ಟರಲ್ಲಿ ಸಿರುಗುಪ್ಪದಲ್ಲಿ ಒಂದು ಮದುವೆ, ಮಧ್ಯಾಹ್ನದ ಊಟದ ಹೊತ್ತಿನ ಕಾರ್ಯಕ್ರಮ. ಮಾಸ್ತರು ತಾಲೀಮಿನಲ್ಲಿ ನನ್ನ ತಡವರಿಕೆಯನ್ನು ಗಮನಿಸಿದ್ದರೋ ಏನೋ, ‘ಹಳೇದೂ ವ್ಯಾನಿನ್ಯಾಗ ಇರ್ಲಿ’ ಎಂದರು. ನನಗೆ ರೇಗಿತು. ಇಷ್ಟು ಆಸೆಪಟ್ಟು ಮಾಡಿಸಿದ್ದರ ಮೇಲೆ ಇವರಿಗೆ ನಂಬಿಕೆಯಿಲ್ಲವೇ ಎಂದು ಆ ವಾರವೇ ಹಳೆಯ ಬೇಸನ್ನು ಕುರುಗೋಡಿಗೆ ಒಯ್ದು ಅವರ ಮನೆಯಲ್ಲಿಟ್ಟು ಬಂದೆ.

ಆ ದಿನ ಮೊದಲ ಮೂರು ಹಾಡು ಸರಾಗವಾಗಿ ಹೋದವು. ಹೊಸ ಬೇಸಿನ ನಾದ ಗುಂಡಗೆ, ತುಂಬಿಕೊಂಡು ಬರುತ್ತಿತ್ತು. ಮಾಸ್ತರು ನನ್ನ ಕಡೆ ತಿರುಗಿ ತಲೆದೂಗಿದರು. ಆ ತಲೆದೂಗಾಟಕ್ಕೆ ನಾನು ಮೈಮರೆತೆ. ನಾಲ್ಕನೆಯದು ಅವರಿಗೆ ಹೆಸರು ತಂದ ಹಾಡು, ಜನ ಕೇಳಿ ಹಾಡಿಸುತ್ತಿದ್ದದ್ದು. ಕೈ ಹನ್ನೆರಡು ವರ್ಷದ ರೂಢಿಯಂತೆ ತನ್ನಷ್ಟಕ್ಕೆ ತಾನೇ ಮೇಲಿನಿಂದ ಎರಡನೆಯ ತಂತಿಗೆ ಹೋಯಿತು. ಹಳೆಯದರಲ್ಲಿ ಅಲ್ಲಿ ಷಡ್ಜವಿತ್ತು. ಹೊಸದರಲ್ಲಿ ಬೇರೆಯೇ ಸ್ವರವಿತ್ತು. ಅದನ್ನೇ ಉದ್ದಕ್ಕೆ, ತುಂಬಾ ಧೈರ್ಯವಾಗಿ ಕೊಟ್ಟೆ.

ಮಾಸ್ತರು ಅದನ್ನು ಹಿಡಿದು ಎದ್ದರು. ಕೀಬೋರ್ಡು, ತಬಲಾ ಎಲ್ಲ ಮಾಮೂಲು ಶ್ರುತಿಯಲ್ಲೇ ಹೊರಟವು. ಒಂದು ಸಾಲು ಮುಗಿಯುವಷ್ಟರಲ್ಲಿ ಊಟದ ಸಾಲಿನಲ್ಲಿದ್ದವರು ತಲೆಯೆತ್ತಿ ನೋಡಿದರು. ನನಗೆ ಅರ್ಥವಾಯಿತು. ಆಗ ನಾನು ಎಲ್ಲರನ್ನೂ ನಿಲ್ಲಿಸಿ, ತಪ್ಪು ನನ್ನದು ಎಂದು ಮತ್ತೆ ಷಡ್ಜ ಕೊಡಬಹುದಿತ್ತು. ಅಷ್ಟೇ ಸಾಕಿತ್ತು. ನಾನು ಮಾಡಿದ್ದು ಬೇರೆ. ಮೆಲ್ಲಗೆ ಬೆರಳು ಸರಿಸಿ ಕೀಬೋರ್ಡಿನ ಶ್ರುತಿಗೆ ಹೋಗಿ ಸೇರಿಕೊಂಡೆ. ನಾನು ಸರಿಯಾದೆ. ಅವರು ಒಬ್ಬರೇ ಉಳಿದರು.

ಕಾಲ ಕೆಳಗಿನ ಸ್ವರ ಜಾರಿದ್ದು ಅವರಿಗೆ ಗೊತ್ತಾಯಿತು. ಹುಡುಕಿದರು. ಮೇಲೆ ಹೋದರು, ಕೆಳಗೆ ಬಂದರು. ಯಾರೋ ಸೀಟಿ ಹೊಡೆದರು, ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ಅವರು ಒಮ್ಮೆ ನನ್ನತ್ತ ನೋಡಿದರು. ನಾನು ನನ್ನ ಬೆರಳುಗಳನ್ನು ನೋಡುತ್ತ ಬಾರಿಸುತ್ತಲೇ ಇದ್ದೆ. ಎರಡನೆಯ ಚರಣಕ್ಕೆ ಮೈಕನ್ನು ಪಕ್ಕದ ಗಾಯಕನ ಕೈಗೆ ಕೊಟ್ಟು ಇಳಿದುಹೋದರು.

ವಾಪಸು ಬರುವಾಗ ವ್ಯಾನಿನಲ್ಲಿ ಅವರು ಮುಂದಿನ ಸೀಟಿನಲ್ಲಿದ್ದರು. ಹಿಂದೆ ಕುಳಿತಿದ್ದ ಕೀಬೋರ್ಡಿನವನು ನನ್ನ ಕಿವಿಯಲ್ಲಿ ‘ವಯಸ್ಸಾತು, ಇನ್ನ ಸಾಕು ಮಾಡೋದು ಛಲೋ’ ಎಂದ. ‘ಹೂಂ’ ಎಂದೆ. ನನ್ನ ಬದುಕಿನಲ್ಲಿ ನಾನು ಆಡಿದ ಅತ್ಯಂತ ಹೊಲಸು ಮಾತು ಆ ಹೂಂ. ಕುರುಗೋಡಿನಲ್ಲಿ ಇಳಿಯುವಾಗ ಮಾಸ್ತರು ನನ್ನ ಹೆಗಲ ಮೇಲೆ ಕೈಯಿಟ್ಟು, ‘ದಪ್ಪ ತಂತೀನೂ ಕೇಳದಂಗಾತು ನೋಡು. ಇನ್ನ ಮುಗೀತು’ ಎಂದರು. ನಾನು ವ್ಯಾನಿನಿಂದ ಅವರ ಚೀಲ ಇಳಿಸಿಕೊಟ್ಟೆ.

ಅವರು ಹಾಡುವುದನ್ನು ಬಿಟ್ಟರು. ತಂಡಕ್ಕೆ ಬೇರೆ ಗಾಯಕ ಬಂದ. ನನ್ನ ಕೈ ಕೆಲವೇ ತಿಂಗಳಲ್ಲಿ ಹೊಸ ಬೇಸಿಗೆ ಒಗ್ಗಿತು, ಜನ ಹೊಗಳಿದರು. ಭಾನುವಾರ ಕುರುಗೋಡಿಗೆ ಹೋಗದಿರಲು ಪ್ರತಿ ವಾರ ಒಂದೊಂದು ನೆಪ ಸಿಗುತ್ತಿತ್ತು. ಹಾಗೆ ನಾಲ್ಕು ವರ್ಷ ಕಳೆದವು. ಅವರಿಗೆ ಈಗ ಪೂರ್ತಿ ಕಿವುಡು ಎಂದು ಯಾರೋ ಹೇಳಿದರು. ಕೇಳಿದ ದಿನದಿಂದ ಅನ್ನ ಸೇರಲಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬಸ್ಸು ಹತ್ತಿದೆ.

ಮಾಸ್ತರು ಪಡಸಾಲೆಯಲ್ಲಿ ಕುಳಿತಿದ್ದರು. ನನ್ನನ್ನು ನೋಡಿ ಮುಖ ಅರಳಿತು, ಬೈಯುತ್ತಾರೆಂದು ತಯಾರಾಗಿ ಹೋಗಿದ್ದವನಿಗೆ ಅದೇ ಕಷ್ಟವಾಯಿತು. ಅವರ ಜೊತೆ ಮಾತಾಡಲು ಮನೆಯವರು ಒಂದು ನೋಟುಬುಕ್ಕು ಇಟ್ಟಿದ್ದರು. ‘ಊಟಕ್ಕ ಏಳ್ರಿ’, ‘ಕರೆಂಟ್ ಹೋಗೈತಿ’, ‘ಗುಳಿಗಿ ತಗೊಂಡ್ರೇನು’ ಎಂಬ ಸಾಲುಗಳ ಕೆಳಗೆ ನಾನು ಬರೆದೆ. ತಂತಿಯ ಬಗ್ಗೆ ಸುಳ್ಳು ಹೇಳಿದ್ದು, ಸಿರುಗುಪ್ಪದಲ್ಲಿ ತಪ್ಪು ಸ್ವರ ಕೊಟ್ಟಿದ್ದು, ಆಮೇಲೆ ನಾನು ಸರಿದುಕೊಂಡಿದ್ದು. ಒಂದು ಪುಟವಾಯಿತು.

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಅಂದ್ರ ನಾ ಎದ್ದಿದ್ದು ನೀ ಕೊಟ್ಟ ಸ್ವರಕ್ಕೇನಾ?’ ಎಂದು ಕೇಳಿದರು. ತಲೆಯಾಡಿಸಿದೆ. ‘ಸರಿಯಾಗಿ ಹಿಡಿದಿದ್ನಾ?’ ಮತ್ತೆ ಹೌದೆಂದು ತಲೆಯಾಡಿಸಿದೆ. ಅವರು ನಕ್ಕರು. ಕಿವುಡರು ಮಾತಾಡುವಂತೆ ಜೋರು ದನಿಯಲ್ಲಿ ಹೆಂಡತಿಯನ್ನು ಕರೆದರು. ‘ಏ, ಇಲ್ಲಿ ಬಾ. ಅವತ್ತು ನಾ ತಪ್ಪಿರಲಿಲ್ಲಂತ. ನನ್ನ ಕಿವಿ ಛಲೋ ಇತ್ತಂತ. ಇಲ್ಲಿ ಬರದಾನ ನೋಡು.’

ಮಾಸ್ತರ ಹೆಂಡತಿ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನಿಂತಲ್ಲೇ ಪುಟವನ್ನು ಓದಿದರು. ನನ್ನ ಮೇಲೆ ಸಿಟ್ಟಾಗಲಿಲ್ಲ. ಗಂಡನ ನಗುಮುಖವನ್ನೇ ನೋಡುತ್ತ ನನಗೆ ಹೇಳಿದರು: ‘ಆಮ್ಯಾಲೂ ಮೂರು ವರ್ಷ ಇವರಿಗೆ ದಪ್ಪ ದನಿ ಕೇಳ್ತಿತ್ತಪ್ಪ. ಮನ್ಯಾಗ ಕೂತು ಒಂದು ಹಾಡು ಅನ್ರಿ ಅಂದ್ರೂ, ತಪ್ಪತೈತಿ ಬ್ಯಾಡ ಅಂತಿದ್ರು. ಮೂರು ವರ್ಷ ಒಂದು ಸಾಲು ಹಾಡಲಿಲ್ಲ.’

ಹೆಂಡತಿಯ ತುಟಿ ಅಲುಗಿದ್ದನ್ನು ಮಾಸ್ತರು ನೋಡಿದರು. ‘ಏನಂದ್ಲು?’ ಎಂದು ನೋಟುಬುಕ್ಕನ್ನು ನನ್ನ ಕಡೆ ಸರಿಸಿದರು.

ಪೆನ್ನು ತೆಗೆದುಕೊಂಡು ‘ಚಾ ಮಾಡ್ತಾರಂತ’ ಎಂದು ಬರೆದೆ.