ಹನ್ನೆರಡರ ಪಕ್ಕ ಒಂದು ಬಿಳಿ ಚುಕ್ಕೆ

ಬೆಳಗಿನ ಐದೂವರೆ. ಶೂಟಿಂಗ್ ರೇಂಜ್‌ನ ಹಿಂದಿನ ಕೋಣೆಯ ಉದ್ದನೆ ಮೇಜಿನ ಮೇಲೆ ಹದಿನೆಂಟು ರೈಫಲ್‌ಗಳು ಸಾಲಾಗಿ ಮಲಗಿವೆ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ರೈಫಲ್ ಮೇಲಿನ ದುರ್ಬೀನಿಗೆ, ಅಂದರೆ ಸ್ಕೋಪಿಗೆ, ಒಡ್ಡಿ ನಿಂತ ಹೆಂಗಸು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. "ಬಾಗಿಲು ಹಾಕಿ, ಧೂಳು ಬರುತ್ತೆ." ಅವರ ಬಗ್ಗೆ ಬರೆಯಲು ಬಂದ ನನಗೆ ಸಿಕ್ಕ ಸ್ವಾಗತ ಅಷ್ಟೇ.

ಇಲ್ಲಿ ಅವರು ಎಲ್ಲರಿಗೂ ಗೆರೆಯಮ್ಮ. ಸ್ಕೋಪಿನೊಳಗೆ ಗುರಿ ಹಿಡಿಯಲು ಇರುವ ಕೂಡುಗೆರೆ, ಅದರ ಮೇಲಿನ ಪುಟ್ಟ ಗೀಟುಗಳು ನೆಟ್ಟಗಿವೆಯೇ ಎಂದು ನೋಡುವುದು ಅವರ ಇಪ್ಪತ್ತಾರು ವರ್ಷಗಳ ಕೆಲಸ. "ಮುಖದ ಮೇಲೂ ಗೆರೆ ಜಾಸ್ತಿ, ಹೆಸರು ಸರಿಯಾಗೇ ಇದೆ" ಎಂದು ನಗುತ್ತಾರೆ. ನೆಲ ಒರೆಸಲು ಬಂದವರು, ಹಳೆಯ ಮೆಕ್ಯಾನಿಕ್ ಮಾಡುವುದನ್ನು ನೋಡಿ ನೋಡಿಯೇ ಕಲಿತರು. ಗೋಡೆ ತುಂಬ ಪದಕ ಗೆದ್ದವರ ಫೋಟೊಗಳಿವೆ, ಇವರದು ಒಂದೂ ಇಲ್ಲ. ಸಿಟ್ಟು ಬರುವುದು ನನಗೆ, ಅವರಿಗಲ್ಲ.

"ದೂರ ಹೆಚ್ಚಾದಷ್ಟೂ ಗುಂಡು ಕೆಳಗೆ ಬೀಳುತ್ತೆ. ಎಷ್ಟು ಮೇಲೆ ಹಿಡೀಬೇಕು ಅಂತ ಹೇಳೋದು ಈ ಗೀಟು. ಆದ್ರೆ ನಮ್ಮ ಸ್ಕೋಪಲ್ಲಿ ಗೀಟಿನ ಲೆಕ್ಕ ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸುವಾಗ ಮಾತ್ರ ಸರಿ. ಆರಕ್ಕೆ ಇಳಿಸಿ ನೋಡಿ, ಗುರಿ ಹಲಗೆ ಅರ್ಧದಷ್ಟು ಚಿಕ್ಕದಾಗುತ್ತೆ, ಗೀಟು ಇದ್ದಷ್ಟೇ ಇರುತ್ತೆ. ಆಗ ಒಂದು ಗೀಟು ಎರಡಕ್ಕೆ ಸಮ, ಅದನ್ನೇ ನಂಬಿ ಹೊಡೆದ್ರೆ ಗುಂಡು ತೀರಾ ಮೇಲೆ ಹೋಗುತ್ತೆ."

ಈ ಲೆಕ್ಕ ತಪ್ಪಿದ್ದು ಅವರ ಕೈಯಿಂದಲೇ. ಕಳೆದ ವರ್ಷ ತಂಡದ ಆಯ್ಕೆಯ ದಿನ ತಂಗಿಯ ಮಗಳ ಸ್ಕೋಪನ್ನು ಇವರು ಒರೆಸಿಕೊಟ್ಟರು. ಒರೆಸುವಾಗ ಆರಕ್ಕೆ ಸರಿದ, ಪಟ್ಟು ಬದಲಿಸುವ ಸ್ಕೋಪಿನ ಬಳೆಯನ್ನು ಮತ್ತೆ ಹನ್ನೆರಡಕ್ಕೆ ತಿರುಗಿಸಲು ಮರೆತರು. ದೊಡ್ಡಮ್ಮ ನೋಡಿದ ಮೇಲೆ ತಾನು ನೋಡುವುದೇನಿದೆ ಎಂದುಕೊಂಡ ಹುಡುಗಿ ಗೀಟನ್ನೇ ನಂಬಿದಳು. ಮೊದಲ ಮೂರು ಗುಂಡುಗಳೂ ಹಲಗೆಯ ಮೇಲಿಂದ ಹಾರಿಹೋದವು, ಆಯ್ಕೆಯೂ ಕೈತಪ್ಪಿತು.

"ತಪ್ಪು ನಂದೇ ಅಂತ ಎಲ್ಲರೆದುರಿಗೂ ಹೇಳಿದೆ. ಅವಳು ಮಾತು ಬಿಟ್ಟಳು." ಅಂದಿನಿಂದ ಇಲ್ಲಿನ ಪ್ರತಿ ಬಳೆಯ ಮೇಲೂ ಹನ್ನೆರಡರ ಪಕ್ಕ ಉಗುರುಬಣ್ಣದ ಬಿಳಿ ಚುಕ್ಕೆ ಇದೆ. ಹುಡುಗಿ ಮಾತ್ರ ತನ್ನ ರೈಫಲನ್ನು ಬೇರೆ ಕಡೆ ಒಯ್ಯುತ್ತಿದ್ದಳು.

ಇವತ್ತು ಮತ್ತೆ ಆಯ್ಕೆ. ಏಳು ಗಂಟೆಗೆ ಬಾಗಿಲು ತೆರೆಯುತ್ತದೆ. ಹುಡುಗಿ ರೈಫಲನ್ನು ಮೇಜಿನ ಮೇಲಿಡುತ್ತಾಳೆ.

"ದೊಡ್ಡಮ್ಮ, ಒಂದ್ಸಲ ನೋಡ್ತೀಯಾ?"

ಗೆರೆಯಮ್ಮ ಕೈ ಒರೆಸಿಕೊಂಡು ಬಹಳ ಹೊತ್ತು ನೋಡುತ್ತಾರೆ. "ಗೆರೆ ಸರಿಯಿದೆ. ಬಳೆ ನೀನೇ ತಿರುಗಿಸು, ನನ್ನೆದುರಿಗೆ."

ಹುಡುಗಿ ಹನ್ನೆರಡಕ್ಕೆ ತಿರುಗಿಸುತ್ತಾಳೆ. "ಚುಕ್ಕೆ ನೀನಿಡು" ಎನ್ನುತ್ತಾಳೆ.

ಅವಳು ಹೋದ ಮೇಲೆ, ಗೆಲ್ಲುತ್ತಾಳೆಯೇ ಎಂದು ಕೇಳುತ್ತೇನೆ. ಗೆರೆಯಮ್ಮ ಉಗುರುಬಣ್ಣದ ಶೀಶೆಗೆ ಮುಚ್ಚಳ ಹಾಕುತ್ತಾರೆ.

"ಅದು ಅವಳ ಕೈಲಿದೆ. ಸೋತರೂ ಅವಳ ಕೈಯಿಂದಲೇ ಸೋಲಲಿ. ನನ್ನ ಕೈಯಿಂದ ಬೇಡ."