ಬಿಸಿಲಲ್ಲಿ ನಿಂತ ಗಂಟೆ

ಕಳೆದ ಶುಕ್ರವಾರ ದೋಹಾದ ಅಲ್ ಥುಮಾಮಾದಲ್ಲಿರುವ ನಮ್ಮ ಮನೆ ಹತ್ತಿರದ ಸೂಪರ್‌ಮಾರ್ಕೆಟ್ಟಿನಲ್ಲಿ ತರಕಾರಿ ಆರಿಸುತ್ತಿದ್ದೆ. ಹಿಂದಿನ ಕೋಲ್ಡ್ ಸ್ಟೋರಿನ ಪ್ಲಾಸ್ಟಿಕ್ ಪರದೆ ಸರಿಸಿ ಕೆಲಸದವರೊಬ್ಬರು ಟ್ರಾಲಿಯನ್ನು ಹೊರಗೆಳೆದರು. ಅದರ ಬೆನ್ನಿಗೇ ಒಂದು ವಾಸನೆ ಬಂತು. ಒದ್ದೆಯಾದ ರಟ್ಟಿನ ಪೆಟ್ಟಿಗೆ, ತಣ್ಣಗಿನ ಕಬ್ಬಿಣ, ಎಲ್ಲೋ ಒಳಗೆ ಹಣ್ಣಾಗುತ್ತಿರುವ ಮಾವು... ಕೈಯಲ್ಲಿದ್ದ ಬದನೆಕಾಯಿಯನ್ನು ಹಿಡಿದುಕೊಂಡೇ ನಿಂತುಬಿಟ್ಟೆ. ಗಾಡಿ ತಳ್ಳಿಕೊಂಡು ಮುಂದೆ ಹೋಗಿದ್ದ ನನ್ನ ಗಂಡ ತಿರುಗಿ ಬಂದು, "ಎಂತಾಯ್ತು?" ಎಂದರು. ಬದನೆಕಾಯಿಯನ್ನು ಗಾಡಿಗೆ ಹಾಕಿದೆ.

ನಾನು ಕೆಲಸ ಮಾಡುವುದು ಆಹಾರ ಪದಾರ್ಥಗಳನ್ನು ಹೊರದೇಶಗಳಿಂದ ತರಿಸಿ ಮಾರುವ ಕಂಪನಿಯೊಂದರ ಐಟಿ ವಿಭಾಗದಲ್ಲಿ. ಖರೀದಿ, ದಾಸ್ತಾನು, ಮಾರಾಟ ಎಲ್ಲವನ್ನೂ ಒಂದಕ್ಕೊಂದು ಜೋಡಿಸುವ ದೊಡ್ಡ ಸಾಫ್ಟ್‌ವೇರ್ ಒಂದಿದೆ. ಅದನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಆ ವಾಸನೆಯ ಜೊತೆ ನೆನಪಾದವರು ನಮ್ಮ ಗೋದಾಮಿನ ಕೋಲ್ಡ್ ಸ್ಟೋರಿಗೆ ಸ್ಟೋರ್‌ಕೀಪರ್ ಆಗಿದ್ದರು. ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ಎಲ್ಲರೂ ಕಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಶಿರ್ವದ ಕಡೆಯ ಕ್ರಿಶ್ಚಿಯನ್ ಎಂದು ಗೊತ್ತಾದ ದಿನದಿಂದ, ಊರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ, ಅವರಿಗೆ ನಾನು ಬಾಯಮ್ಮ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಲ್ ಮನ್ಸೂರಾದ ಒಂದು ಫ್ಲಾಟಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಇದ್ದೆ. ಕಾಕನ ರೂಮೂ ಅಲ್ಲೇ ಎರಡು ಗಲ್ಲಿ ಆಚೆಗಿತ್ತು.

ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದ್ದರು. ಮನೆಯವರೊಂದಿಗೆ ಬ್ಯಾರಿ, ನನ್ನೊಂದಿಗೆ ಕನ್ನಡ, ಲಾರಿಯವರೊಂದಿಗೆ ಹಿಂದಿ, ಬಂದರಿನವರೊಂದಿಗೆ ಅರಬಿ. ಹೊರಗೆ ಡಾಂಬರು ಕರಗುವ ಸೆಕೆ ಇರುವಾಗಲೂ ಅವರು ಉಲ್ಲನ್ ಟೊಪ್ಪಿ, ದಪ್ಪ ಜಾಕೆಟ್ ಹಾಕಿಕೊಂಡಿರುತ್ತಿದ್ದರು. ಕಂಪ್ಯೂಟರನ್ನು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದರು. ಆದರೆ ಮಾವಿನ ಪೆಟ್ಟಿಗೆಯ ಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಮೂಗಿನ ಹತ್ತಿರ ಹಿಡಿದು, "ಇದು ನಾಲ್ಕು ದಿನ ಬರುವುದಿಲ್ಲ" ಎಂದರೆ ನಾಲ್ಕು ದಿನ ಬರುತ್ತಿರಲಿಲ್ಲ.

ಅವರಿಗೆ ನಮ್ಮ ಸಾಫ್ಟ್‌ವೇರಿನ ಮೇಲೆ ಒಂದೇ ದೂರು. ಕಂಟೇನರ್ ಬಂದರಿನಲ್ಲಿ ಇಳಿದ ಮೇಲೆ ಕಾಗದಪತ್ರ ಮುಗಿಯುವ ತನಕ ಕೆಲವು ಸಲ ಬಿಸಿಲಲ್ಲೇ ನಿಲ್ಲುತ್ತಿತ್ತು, ತಂಪು ಯಂತ್ರ ಆಫ್ ಆಗಿರುತ್ತಿತ್ತು. ಅಲ್ಲಿ ಬಾಡಿದ ಮಾಲು ಎರಡು ದಿನ ಬಿಟ್ಟು ಇವರ ಕೋಣೆಯಲ್ಲಿ ಕೊಳೆಯುತ್ತಿತ್ತು. ಸಾಫ್ಟ್‌ವೇರಿನಲ್ಲಿ ಮಾಲು ಸ್ಟೋರಿನ ಒಳಗೆ ಬಂದ ತಾರೀಕು ಮಾತ್ರ ಬರೆಯಲು ಜಾಗವಿತ್ತು. ಹಾಗಾಗಿ ಹಾಳಾದದ್ದೆಲ್ಲ ಸ್ಟೋರ್‌ಕೀಪರನ ಅಜಾಗ್ರತೆ ಎಂದೇ ರಿಪೋರ್ಟ್ ಬರುತ್ತಿತ್ತು. ಎರಡು ಸಲ ಅವರಿಗೆ ವಾರ್ನಿಂಗ್ ಲೆಟರ್ ಸಿಕ್ಕಿತ್ತು.

"ನಿಮ್ಮ ಮಿಷನಿಗೆ ಅರ್ಧ ಕತೆ ಮಾತ್ರ ಗೊತ್ತುಂಟು ಬಾಯಮ್ಮ," ಎನ್ನುತ್ತಿದ್ದರು. ಕೋಪದಲ್ಲಲ್ಲ.

ಆ ಸಾಫ್ಟ್‌ವೇರ್ ಕಂಪನಿಯವರು ವರ್ಷಕ್ಕೊಮ್ಮೆ ತಮ್ಮ ಗಿರಾಕಿಗಳನ್ನೆಲ್ಲ ಕರೆದು ದೋಹಾದಲ್ಲಿ ದೊಡ್ಡ ಕಾನ್ಫರೆನ್ಸ್ ನಡೆಸುತ್ತಿದ್ದರು. ಆ ವರ್ಷ ನಮ್ಮ ಮ್ಯಾನೇಜರಿಗೆ ಬೇರೆ ಪ್ರಯಾಣ ಬಂದು ಒಂದು ಪಾಸ್ ಉಳಿಯಿತು. ಗೋದಾಮಿನಿಂದ ಯಾರನ್ನಾದರೂ ಕರೆದುಕೊಂಡು ಹೋಗು ಎಂದರು. ಕಾಕನ ಹೆಸರನ್ನು ಯಾರೋ ತಮಾಷೆಗೆ ಎತ್ತಿದರು, ಅದೇ ಖಾಯಂ ಆಯಿತು. ನನಗೆ ಒಳಗೊಳಗೇ ಮುಜುಗರ. ಸೂಟು ಹಾಕಿದವರ ನಡುವೆ ಇವರನ್ನು ಎಲ್ಲಿ ಕೂರಿಸಲಿ, ಏನೆಂದು ಪರಿಚಯಿಸಲಿ...

ಹಿಂದಿನ ದಿನ ಅವರು ನನ್ನನ್ನು ಸ್ಟೋರಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟು ಕೇಳಿದರು. "ನಾವು ಅಲ್ಲಿಗೆ ಎಂತಕ್ಕೆ ಹೋಗುವುದು?"

ಹೊಸದು ಕಲಿಯಲು ಎಂದೆ.

"ಅದು ಅವರಿಗೆ ಬೇಕಾದ್ದು. ನಮಗೆ ಬೇಕಾದ್ದು ಎಂತ?"

ಅದಕ್ಕೂ ಮೊದಲು ಎರಡು ವರ್ಷ ನಾನು ಆ ಕಾನ್ಫರೆನ್ಸಿಗೆ ಹೋಗಿದ್ದೆ. ಬಟ್ಟೆಚೀಲ, ಪೆನ್ನು, ಫೋನಿನ ತುಂಬ ಫೋಟೊ ತಂದಿದ್ದೆ. ಏನು ಬೇಕೆಂದು ಯೋಚಿಸಿಯೇ ಇರಲಿಲ್ಲ. ಅವರು ಕಾರ್ಯಕ್ರಮ ಪಟ್ಟಿಯ ಒಂದೊಂದು ಸಾಲನ್ನೂ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡರು. ನಾನು ಗುರುತು ಹಾಕಿದ್ದು ಹನ್ನೊಂದು ಭಾಷಣ. ಅವರು ಮೂರನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಹೊಡೆದುಹಾಕಿದರು. ಕಾಗದದ ಹಿಂದೆ ಒಂದೇ ಪ್ರಶ್ನೆ ಬರೆಸಿದರು. ಮಾಲು ಬಿಸಿಲಲ್ಲಿ ನಿಂತ ಗಂಟೆಯನ್ನು ಎಲ್ಲಿ ಬರೆಯುವುದು? ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನನ್ನಿಂದ ಕಲಿತು, ಪೆಟ್ಟಿಗೆ ಎತ್ತುವಾಗಲೂ ಇಳಿಸುವಾಗಲೂ ಬಾಯಿಪಾಠ ಮಾಡಿದರು.

ಮರುದಿನ ಮೆಟ್ರೋದಲ್ಲಿ ಹೋದೆವು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹೊಸ ಬೂಟು. ಟೊಪ್ಪಿಯಿಲ್ಲದ ಅವರ ತಲೆಯನ್ನು ನಾನು ನೋಡಿದ್ದು ಅದೇ ಮೊದಲು, ಪೂರ್ತಿ ನರೆತಿತ್ತು. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ ಸ್ಟೋರ್‌ಕೀಪರ್ ಎಂದು ದೊಡ್ಡದಾಗಿ ಬರೆದಿತ್ತು. ಸುತ್ತ ಇದ್ದವರೆಲ್ಲ ಡೈರೆಕ್ಟರುಗಳು, ಕನ್ಸಲ್ಟೆಂಟುಗಳು. ಬೆಳಗಿನ ದೊಡ್ಡ ಭಾಷಣದಲ್ಲಿ ಬಣ್ಣದ ದೀಪ, ಸಂಗೀತ ಎಲ್ಲ ಇತ್ತು. ಕಾಕ ಹತ್ತು ನಿಮಿಷ ನೋಡಿ ಕಣ್ಣು ಮುಚ್ಚಿದರು.

ಸರಕು ಸಾಗಾಟದ ಭಾಷಣ ಮುಗಿದದ್ದೇ ಕೈ ಎತ್ತಿದರು. ಮೈಕ್ ಬಂತು. ಎದ್ದು ನಿಂತು ಆ ಒಂದು ವಾಕ್ಯವನ್ನು ತಪ್ಪಿಲ್ಲದೆ ಹೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಭಾಷಣ ಮಾಡಿದವರು ಒಳ್ಳೆಯ ಪ್ರಶ್ನೆ ಎಂದು ಹೊಗಳಿ, ಬೇರೆ ಏನನ್ನೋ ಎರಡು ನಿಮಿಷ ಹೇಳಿದರು. "ಸರ್, ಜಾಗ ಉಂಟೋ ಇಲ್ಲವೋ?" ಎಂದು ಕಾಕ ಹಿಂದಿಯಲ್ಲಿ ಕೇಳಿದರು. ನಗು ಜೋರಾಯಿತು. ನಾನು ಫೋನಿನಲ್ಲಿ ಏನೋ ಓದುವವಳಂತೆ ತಲೆ ತಗ್ಗಿಸಿದೆ. ಪಕ್ಕದವರಿಗೆ ನಾವಿಬ್ಬರೂ ಒಟ್ಟಿಗೆ ಬಂದವರೆಂದು ಗೊತ್ತಾಗದಿರಲಿ ಎಂದು... ಹೌದು, ಹಾಗೇ ಅಂದುಕೊಂಡೆ.

ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಊಟಕ್ಕೆ ನಾನು ನಮ್ಮ ಆಫೀಸಿನವರ ಮೇಜಿನ ಕಡೆ ಹೊರಟಾಗ ತಡೆದರು. "ಅವರನ್ನು ನಾಳೆಯೂ ನೋಡ್ಲಿಕ್ಕೆ ಉಂಟಲ್ಲ. ಯಲ್ಲಾ, ಬನ್ನಿ." ಒಬ್ಬರೇ ಕುಳಿತಿದ್ದ ಸುಡಾನಿನ ಹಿರಿಯರೊಬ್ಬರ ಎದುರು ತಟ್ಟೆ ಇಟ್ಟು ಅರಬಿಯಲ್ಲಿ ಮಾತು ತೆಗೆದರು. ಅವರು ಆಸ್ಪತ್ರೆಯೊಂದರ ಔಷಧ ದಾಸ್ತಾನು ನೋಡಿಕೊಳ್ಳುವವರು. ಲಸಿಕೆಯ ಪೆಟ್ಟಿಗೆಗಳಿಗೂ ಅದೇ ತೊಂದರೆ, ಬಿಸಿಲಲ್ಲಿ ನಿಂತದ್ದು ಎಲ್ಲೂ ದಾಖಲಾಗುವುದಿಲ್ಲ. ಇಬ್ಬರೂ ಅನ್ನ ತಣ್ಣಗಾಗುವ ತನಕ ಮಾತಾಡಿದರು.

ಊಟದ ನಂತರ ಮಳಿಗೆಗಳ ಹಾಲ್. ನಾನು ಜನ ತುಂಬಿದ್ದ ಕಡೆಗೆ ನಡೆದೆ. ಕಾಕ ನನ್ನ ಚೀಲ ಹಿಡಿದು ನಿಲ್ಲಿಸಿದರು. "ನಗುವವರ ಹತ್ರ ಬೇಡ, ಅವರು ಮಾರುವವರು. ಆ ಮೂಲೆಯಲ್ಲಿ ಮುಖ ಸಣ್ಣ ಮಾಡ್ಕೊಂಡು ಲ್ಯಾಪ್‌ಟಾಪ್ ಕುಟ್ಟುತ್ತಾನಲ್ಲ, ಅವನಿಗೆ ಗೊತ್ತಿರ್ತದೆ." ಅವನು ಲಾಹೋರಿನ ಎಂಜಿನಿಯರ್, ಆ ಸಾಫ್ಟ್‌ವೇರನ್ನು ಬರೆಯುವ ತಂಡದವನು. ಕಾಕ ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಲಾರಿ, ಬಂದರು, ತನ್ನ ಕೋಣೆ, ಎಲ್ಲದರ ಚಿತ್ರ ಬಿಡಿಸಿದರು. ಸುಡಾನಿನವರನ್ನೂ ಕರೆತಂದರು. "ಒಬ್ಬ ಕೇಳಿದರೆ ಕಂಪ್ಲೇಂಟ್ ಅಂತಾರೆ. ಇಬ್ಬರು ಕೇಳಿದ್ರೆ ಕೆಲಸ ಅಂತಾರೆ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಆ ಹುಡುಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಒಂದು ಗಂಟೆ ಕೂತು ಕೇಳಿದ. ಕೊನೆಗೆ, "ಚಾಚಾ, ಇದಕ್ಕೆ ಜಾಗವೇ ಇಲ್ಲ. ಮಾಡಬೇಕು," ಎಂದ.

ಹಿಂದಿರುಗುವಾಗ ಮೆಟ್ರೋದಲ್ಲೇ ಎಲ್ಲವನ್ನೂ ಬರೆಸಿದರು. ನಾಳೆಗೆ ಮರೆತುಹೋಗುತ್ತದಂತೆ. ಇಳಿಯುವ ಮೊದಲು ಆ ಇಬ್ಬರಿಗೂ ನನ್ನ ಫೋನಿನಿಂದ ಮೆಸೇಜ್ ಹೋಗಬೇಕಾಯಿತು.

ಆ ಎಂಜಿನಿಯರ್ ನಿಜವಾಗಿಯೂ ಆ ಜಾಗ ಮಾಡಿಕೊಟ್ಟ. ಕಂಟೇನರಿನ ಒಳಗೆ ತಾಪಮಾನ ಅಳೆಯುವ ಸಣ್ಣ ಯಂತ್ರ, ಅದರಿಂದ ನೇರ ಸಾಫ್ಟ್‌ವೇರಿಗೆ ಮಾಹಿತಿ. ಪ್ರಯೋಗಕ್ಕೆ ನಮ್ಮ ಗೋದಾಮನ್ನೇ ಆರಿಸಿದರು. ಯಾವ ಮಾಲು ಎಷ್ಟು ಸೆಕೆ ತಡೆಯುತ್ತದೆ, ಯಾವುದನ್ನು ಮೊದಲು ಕಳಿಸಬೇಕು, ಯಾವುದನ್ನು ಹಿಂದೆ ಕಳಿಸಬೇಕು ಎಂಬ ನಿಯಮಗಳನ್ನು ಬರೆಯುವ ಕೆಲಸ ನನಗೆ ಬಂತು. ತಿಂಗಳುಗಟ್ಟಲೆ ನಾನು ಕಾಕನ ಪಕ್ಕದಲ್ಲಿ, ಅವರೇ ಕೊಟ್ಟ ಹಳೆಯ ಜಾಕೆಟ್ ಹಾಕಿಕೊಂಡು ಕೂತೆ. ಮಾವು, ಮೀನು, ಚೀಸ್, ಸೊಪ್ಪು... ಮೂವತ್ತು ವರ್ಷ ಮೂಗಿನಲ್ಲಿ, ಹೆಬ್ಬೆರಳಲ್ಲಿ ಇದ್ದದ್ದನ್ನು ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ನಾನು ಟೈಪ್ ಮಾಡಿದೆ.

ಆ ಯೋಜನೆಯ ಕಾಗದವನ್ನು ಒಳ್ಳೆಯ ಇಂಗ್ಲಿಷಿಗೆ ತಿದ್ದಿದ್ದೂ ನಾನೇ. ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು. ಹೊಸ ವ್ಯವಸ್ಥೆ ಬಂದ ಮೇಲೆ ಕೋಲ್ಡ್ ಸ್ಟೋರಿಗೆ ಸ್ಟೋರ್‌ಕೀಪರ್ ಹುದ್ದೆಯ ಅಗತ್ಯವಿಲ್ಲ. ಅದನ್ನು ಎರಡು ಸಲ ಓದಿದೆ. ಆಮೇಲೆ ಒಂದು ಅಲ್ಪವಿರಾಮ ಸರಿಮಾಡಿ ಮುಂದೆ ಹೋದೆ. ಹೇಗೂ ವಯಸ್ಸಾಯಿತು, ಊರಿಗೆ ಹೋಗುವವರೇ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಮಧ್ಯಾಹ್ನ ಅವರು ಚಹಾ ಕುಡಿಯುತ್ತಾ, "ಇದೆಲ್ಲ ಆದ ಮೇಲೆ ನನಗೆ ಎಂತ ಕೆಲಸ ಉಂಟು ಬಾಯಮ್ಮ?" ಎಂದು ಕೇಳಿದ್ದರು.

"ನೀವು ಆರಾಮಾಗಿ ಕೂತ್ಕೊಳ್ಳಿ ಕಾಕ," ಎಂದೆ. ಅವರು ನಕ್ಕರು. ಮತ್ತೆ ಸೊಪ್ಪಿನ ಮಾತು ಮುಂದುವರಿಸಿದರು.

ಮುಂದಿನ ವರ್ಷದ ಕಾನ್ಫರೆನ್ಸಿನಲ್ಲಿ ನಮ್ಮ ಗೋದಾಮಿನ ಯಶಸ್ಸಿನ ಬಗ್ಗೆ ವೇದಿಕೆಯ ಮೇಲೆ ಮಾತಾಡಿದ್ದು ನಾನು. ಹಿಂದಿನ ವರ್ಷ ಅವರು ಚಿತ್ರ ಬಿಡಿಸಿದ್ದ ಬಂದರು, ಲಾರಿ, ಕೋಣೆ ದೊಡ್ಡ ಪರದೆಯ ಮೇಲೆ ಬಣ್ಣದಲ್ಲಿ ಬಂದವು. ಈ ಯೋಚನೆ ಮೊದಲು ಯಾರಿಗೆ ಹೊಳೆಯಿತು ಎಂದು ಕೆಳಗಿನಿಂದ ಒಬ್ಬರು ಕೇಳಿದರು. ನಮ್ಮ ತಂಡಕ್ಕೆ ಎಂದೆ. ಚಪ್ಪಾಳೆ ಬಂತು. ಅದೇ ವಾರ ಕಾಕನಿಗೆ ಕೆಲಸದಿಂದ ತೆಗೆದ ಲೆಟರ್ ಕೊಟ್ಟಿದ್ದರು.

ಗೇಟಿನ ಕಾರ್ಡು ವಾಪಸು ಕೊಡಲು ಆಫೀಸಿಗೆ ಬಂದವರು ನನ್ನ ಮೇಜಿನ ಹತ್ತಿರವೂ ಬಂದರು. ಕೂತುಕೊಳ್ಳಲಿಲ್ಲ.

"ಖಲಾಸ್ ಬಾಯಮ್ಮ. ಮುಂದಿನ ವಾರ ಹೊರಡುವುದು," ಎಂದರು. ಮತ್ತೆ ಕೇಳಿದರು. "ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲ ಕಾಕ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, "ಇರಲಿ. ಸ್ಟೇಜಲ್ಲಿ ಚಂದ ಮಾತಾಡಿದ್ರಂತೆ. ಯಾರಾದ್ರೂ ಪ್ರಶ್ನೆ ಕೇಳಿದ್ರಾ?" ಎಂದರು.

"ಕೇಳಿದ್ರು."

"ಒಳ್ಳೇದಾಯ್ತು. ಕೇಳ್ಬೇಕು."

ಅಷ್ಟೇ. ಊರಿಗೆ ಹೋದ ಮೇಲೆ ಒಂದು ಹಬ್ಬದ ದಿನ ಫೋನ್ ಮಾಡಿದ್ದರು. ಮೀಟಿಂಗಿನಲ್ಲಿದ್ದೆ, ಎತ್ತಲಿಲ್ಲ. ಆಮೇಲೆ ಮಾಡೋಣ ಎಂದುಕೊಂಡೆ, ಮಾಡಲಿಲ್ಲ. ಎರಡು ವರ್ಷದ ನಂತರ ಗೋದಾಮಿನ ಡ್ರೈವರ್ ವಾಯ್ಸ್ ಮೆಸೇಜ್ ಕಳಿಸಿದ. ಕಾಕ ಬೆಳಿಗ್ಗೆ ನಮಾಜು ಮುಗಿಸಿ ಬಂದು ಜಗಲಿಯಲ್ಲಿ ಕೂತವರು ಏಳಲಿಲ್ಲವಂತೆ.

ಈಗ ನಾನು ವಿಭಾಗದ ಮುಖ್ಯಸ್ಥೆ. ಕಾನ್ಫರೆನ್ಸಿಗೆ ಹೋಗುವ ಹೊಸಬರಿಗೆ ಒಂದು ಪುಟದ ಸೂಚನೆ ಮಾಡಿಟ್ಟಿದ್ದೇನೆ. ಒಂದೇ ಪ್ರಶ್ನೆ ತೆಗೆದುಕೊಂಡು ಹೋಗಿ, ಮೂರೇ ಭಾಷಣ ಕೇಳಿ, ಗುರುತಿಲ್ಲದವರ ಜೊತೆ ಊಟ ಮಾಡಿ, ಮಾರುವವರನ್ನು ಬಿಟ್ಟು ಮಾಡುವವರನ್ನು ಹುಡುಕಿ, ಮನೆ ತಲುಪುವ ಮೊದಲು ಬರೆದಿಡಿ. ಎಲ್ಲರೂ ಅದನ್ನು ಮೆಚ್ಚುತ್ತಾರೆ. ಅದರ ಕೆಳಗೆ ಇರುವುದು ನನ್ನ ಹೆಸರು.

ಶುಕ್ರವಾರದ ಆ ವಾಸನೆ ಮೂರು ದಿನ ನನ್ನನ್ನು ಬಿಡಲಿಲ್ಲ. ಆ ಡ್ರೈವರನಿಂದ ಕಾಕನ ಮಗಳ ನಂಬರ್ ತೆಗೆದುಕೊಂಡು, ನಿನ್ನೆ ಮಧ್ಯಾಹ್ನ ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಫೋನ್ ಮಾಡಿದೆ. ಯಾರೆಂದು ಹೇಳಿದ್ದೇ, "ಓ, ಬಾಯಮ್ಮ," ಎಂದಳು, ಎಷ್ಟೋ ವರ್ಷದ ಪರಿಚಯದಂತೆ. ನಾನು ತಡವರಿಸುತ್ತಾ ಆ ಕಾಗದದ ವಿಷಯ ಹೇಳತೊಡಗಿದೆ. ಅವಳು ನಡುವೆಯೇ ತಡೆದು ಅಪ್ಪನ ಮಾತು ತೆಗೆದಳು.

"ಉಪ್ಪನಿಗೆ ಗೊತ್ತಿತ್ತು ಅಕ್ಕ. ನೀವು ಒಂದು ದಿನ ಸ್ಟೋರಲ್ಲಿ ಕೂತು ಆ ಕಾಗದ ಪ್ರಿಂಟ್ ಕೊಟ್ಟಿದ್ರಂತೆ, ಎರಡು ಕಾಪಿ ಬಂತಂತೆ. ಒಂದು ನೀವು ತಕ್ಕೊಂಡು ಹೋದ್ರಿ, ಇನ್ನೊಂದು ಅಲ್ಲೇ ಉಳಿದಿತ್ತು. ಯಾರ ಹತ್ರವೋ ಓದಿಸಿದ್ರಂತೆ."

ಲೆಕ್ಕ ಹಾಕಿದೆ. ಅದಾದ ಮೇಲೂ ಅವರು ನನಗೆ ಎರಡು ತಿಂಗಳು ಹೇಳಿಕೊಟ್ಟಿದ್ದರು. ಮೀನಿನ ಪಾಠ, ಸೊಪ್ಪಿನ ಪಾಠ ಎಲ್ಲ ಆಮೇಲಿನದು. ಇದೆಲ್ಲ ಆದ ಮೇಲೆ ನನಗೆ ಎಂತ ಕೆಲಸ ಉಂಟು ಎಂದು ಕೇಳಿದ್ದೂ ಆಮೇಲೆಯೇ.

"ನನ್ನ ಬಗ್ಗೆ ಏನಾದರೂ ಹೇಳಿದ್ರಾ?" ಎಂದು ಕೇಳಿದೆ.

"ಬೈಲಿಲ್ಲ. ಬಾಯಮ್ಮನ ಹತ್ರ ಗೊತ್ತಿತ್ತಾ ಅಂತ ಕೇಳಿದೆ, ಇಲ್ಲ ಅಂದಳು ಪಾಪ, ಹೆದರಿದ್ದಳು ಅಂತ ಒಂದು ಸಲ ಹೇಳಿದ್ರು. ಹೌದು ಅಂದಿದ್ರೆ ಇಬ್ಬರೂ ಒಂದು ಚಹಾ ಕುಡಿದು ಬರ್ತಿದ್ವಿ ಅಂದ್ರು."

ಅವಳ ಮಕ್ಕಳು ಶಾಲೆಯಿಂದ ಬಂದ ಸದ್ದು ಕೇಳಿತು. ಇನ್ನೊಮ್ಮೆ ಮಾತಾಡುತ್ತೇನೆ ಅಕ್ಕ ಎಂದು ಫೋನ್ ಇಟ್ಟಳು.

ನಾನು ಕಾರಿನಿಂದ ಇಳಿಯಲಿಲ್ಲ. "ಗೊತ್ತಿತ್ತು ಕಾಕ," ಎಂದು ಒಮ್ಮೆ ಬಾಯಿಬಿಟ್ಟು ಹೇಳಿದೆ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.